ಹಿತ್ತಿಲ ಹೊಂಡ ಮತ್ತು ಉಮ್ಮನ ಎರಡು ಪ್ರಶ್ನೆಗಳು

ಗದ್ದೆಗಳೆಲ್ಲ ನಿವೇಶನಗಳಾದ ಮೇಲೆ ನಮ್ಮ ಕರಾವಳಿಯ ಊರಿನಲ್ಲಿ ಮಳೆಗಾಲದ ರಾತ್ರಿಗಳು ಮೌನವಾದವು. ಮೊಟ್ಟೆಯಿಡಲು ನಿಂತ ನೀರೇ ಇಲ್ಲದಿದ್ದರೆ ಕಪ್ಪೆಗಳ ಕೂಗು ಕೇಳುವುದಾದರೂ ಹೇಗೆ? ಹಿತ್ತಿಲಿನಲ್ಲಿ ಸಣ್ಣದೊಂದು ಹೊಂಡ ತೋಡಲು ನಾವು ಮನೆಮಂದಿ ನಿರ್ಧರಿಸಿದಾಗ ಉಮ್ಮ ಕೇಳಿದರು: "ಮಗು ಬಿದ್ದರೆ? ಸೊಳ್ಳೆಯಾದರೆ?"

ಎರಡೂ ನ್ಯಾಯವಾದ ಪ್ರಶ್ನೆಗಳೇ. ಹೊಂಡದ ರೂಪ ಅವುಗಳಿಂದಲೇ ನಿಶ್ಚಯವಾಯಿತು. 6 ಅಡಿ ಉದ್ದ, 4 ಅಡಿ ಅಗಲ, ನಡುವೆ ಒಂದೂವರೆ ಅಡಿ ಆಳ. ಕಪ್ಪೆಮರಿಗಳು ಹತ್ತಿ ಬರಲು, ಹಕ್ಕಿಗಳು ನೀರು ಕುಡಿಯಲು ಒಂದು ಬದಿಯನ್ನು ಇಳಿಜಾರಾಗಿಸಿದೆವು. ಬಾಯಿಗೆ ಗಟ್ಟಿಯಾದ ಕಬ್ಬಿಣದ ಜಾಲರಿ ಹೊದಿಸಿ, ಸುತ್ತ ಬೇಲಿ ಕಟ್ಟಿ ಚಿಲಕವಿಟ್ಟೆವು. ಹಾಗಿದ್ದರೂ ಮಗುವನ್ನು ಅಲ್ಲಿ ಒಂಟಿಯಾಗಿ ಬಿಡುವುದಿಲ್ಲ.

ಮುರಕಲ್ಲಿನ ನೆಲದಲ್ಲಿ ನೀರು ನಿಲ್ಲದು. ಆದ್ದರಿಂದ ಮರಳು, ಹಳೆಯ ಗೋಣಿ, ಅದರ ಮೇಲೆ ದಪ್ಪ ಟಾರ್ಪಾಲು ಹಾಸಿದೆವು. ಮಳೆನೀರೇ ಹೊಂಡವನ್ನು ತುಂಬಿತು. ನಡುವೆ ನೈದಿಲೆ, ಅಂಚಿನಲ್ಲಿ ಬಜೆ, ಒದ್ದೆ ಮಣ್ಣಿನಲ್ಲಿ ಒಂದೆಲಗ ನೆಟ್ಟೆವು. ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಕೆರೆಗಳನ್ನು ಮುಚ್ಚಿದ, ನೇರಳೆ ಹೂವಿನ ತೇಲುವ ಕಳೆಯನ್ನು ಮಾತ್ರ ತರಲಿಲ್ಲ.

ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯಾ ಮೀನು ಬಿಡಿರೆಂದು ಹಲವರು ಸಲಹೆಯಿತ್ತರು. ಮಲೇರಿಯಾ ತಡೆಗೆಂದು 1928ರಲ್ಲಿ ಭಾರತಕ್ಕೆ ತಂದ ಆ ಮೀನು ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳನ್ನೂ ಬಿಡುವುದಿಲ್ಲ. ಯಾರಿಗಾಗಿ ಹೊಂಡ ತೋಡಿದೆವೋ ಅವರನ್ನೇ ಅದಕ್ಕೆ ಉಣಬಡಿಸಿದಂತಾಗುತ್ತಿತ್ತು. ಬೆಚ್ಚಗಿನ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಹೀಗಾಗಿ ಆರಂಭದ ವಾರಗಳಲ್ಲಿ ಮೂರು ದಿನಕ್ಕೊಮ್ಮೆ ತೆಳು ಬಟ್ಟೆಯ ಬಲೆಯಿಂದ ಮರಿಗಳನ್ನು ಸೋಸಿ ತೆಗೆದೆವು. ಅಷ್ಟರಲ್ಲಿ ಏರೋಪ್ಲೇನ್ ಚಿಟ್ಟೆಗಳು ತಾವಾಗಿ ಬಂದು ಮೊಟ್ಟೆಯಿಟ್ಟವು. ನೀರಿನಲ್ಲೇ ಬೆಳೆಯುವ ಅವುಗಳ ಮರಿಗಳು ಸೊಳ್ಳೆಮರಿಗಳನ್ನು ಬೇಟೆಯಾಡುತ್ತವೆ. ಈಗಲೂ ವಾರಕ್ಕೊಮ್ಮೆ ನೀರನ್ನು ಪರೀಕ್ಷಿಸುತ್ತೇವೆ.

ಡೆಂಗಿ ಹರಡುವ ಸೊಳ್ಳೆಗೆ ಪ್ರಿಯವಾದುದು ತೆಂಗಿನ ಚಿಪ್ಪು, ಅಡಿಕೆ ಹಾಳೆ, ಹಳೆಯ ಟಯರುಗಳಲ್ಲಿ ನಿಂತ ನೀರು. ಅಲ್ಲಿ ಅದರ ಮರಿಯನ್ನು ತಿನ್ನುವವರು ವಿರಳ. ಹೊಂಡದ ಮೇಲೆ ಕಣ್ಣಿಟ್ಟಿದ್ದ ಉಮ್ಮ ಈಗ ಹಿತ್ತಿಲು ಸುತ್ತಿ ಚಿಪ್ಪುಗಳನ್ನೂ ಕವುಚಿಡುತ್ತಾರೆ.

ಎರಡನೆಯ ಮಳೆಗಾಲದಲ್ಲಿ ಬಜೆಯ ಎಲೆಗಳ ನಡುವೆ ಮರಗಪ್ಪೆಯೊಂದು ಬಿಳಿ ನೊರೆಯ ಗೂಡು ಕಟ್ಟಿತು. ಕರೆಯದೆ ಬರುವ ಈ ಅತಿಥಿಗಳಿಗೆ ನಾವು ಮಾಡಬೇಕಾದದ್ದು ಸ್ವಲ್ಪವೇ: ನೀರನ್ನು ಉಳಿಸುವುದು, ಕೈಯನ್ನು ತಡೆಯುವುದು.