ಮೊದಲು ವಂದನೆ, ಅನಂತರ ಮಾತು

ಪ್ಯಾರಿಸ್ ನಗರದ ಒಪೆರಾ ಭವನದಿಂದ ಅನತಿದೂರದಲ್ಲಿ ರ್ಯೂ ಸ್ಯಾಂತ್ ಆನ್ ಎಂಬ ಬೀದಿಯುಂಟು. ಜಪಾನೀ ಭೋಜನಗೃಹಗಳಿಗೆ ಅದು ಹೆಸರುವಾಸಿ. ಅಲ್ಲಿಗೆ ಹೋಗುವ ದಾರಿಯಲ್ಲಿ ನಾವು ಒಂದು ಬೇಕರಿಯನ್ನು ಹೊಕ್ಕು, ಇಂಗ್ಲಿಷಿನಲ್ಲಿ ನೇರವಾಗಿ ಬೆಲೆ ಕೇಳಿದೆವು. ಅಂಗಡಿಯ ತಾಯಿ ‘ಬೋಂಜೂರ್’ ಎಂದಷ್ಟೇ ನುಡಿದು ಸುಮ್ಮನಾದರು. ವಂದಿಸದೆ ಮಾತಿಗೆ ತೊಡಗುವುದು ಅಲ್ಲಿ ಅವಿನಯವೆಂದು ಆಗ ನಮಗೆ ಅರಿವಾಯಿತು. ‘ಶುಭದಿನ’ವೆಂಬುದು ಆ ನುಡಿಯ ಅರ್ಥ. ಇಂಗ್ಲಿಷಿನ ‘ಹಲೋ’, ಜಪಾನಿಯ ‘ಕೊನ್ನಿಚಿವಾ’ ಅದಕ್ಕೆ ಸಮೀಪದವು.

ಭೋಜನಗೃಹದಲ್ಲಿ ಇನ್ನೊಂದು ಪಾಠವಾಯಿತು. ಊಟಕ್ಕೆ ಕುಳಿತವರಿಗೆ ಫ್ರೆಂಚರು ‘ಬೊನ್ ಅಪೆತೀ’ ಎಂದು ಹಾರೈಸುತ್ತಾರೆ. ಇಂಗ್ಲಿಷಿನವರು ಇದಕ್ಕೆ ಬಹುಮಟ್ಟಿಗೆ ಆ ಫ್ರೆಂಚ್ ನುಡಿಯನ್ನೇ ಎರವಲು ಪಡೆದಿದ್ದಾರೆ. ಜಪಾನೀಯರಾದರೋ ಉಣ್ಣುವ ಮುನ್ನ ‘ಇತದಕಿಮಸು’, ಎಂದರೆ ‘ವಿನಯದಿಂದ ಸ್ವೀಕರಿಸುತ್ತೇನೆ’ ಎನ್ನುತ್ತಾರೆ. ಮೊದಲನೆಯದು ಉಣ್ಣುವವರಿಗೆ ಕೋರುವ ಹಾರೈಕೆ. ಎರಡನೆಯದು ಉಣ್ಣುವವರೇ ಸಲ್ಲಿಸುವ ಕೃತಜ್ಞತೆ. ಆದುದರಿಂದ ಪದಕ್ಕೆ ಪದ ಹೊಂದಿಸಿದರೆ ಸಾಲದು. ಯಾರು, ಯಾರಿಗೆ, ಯಾವಾಗ ನುಡಿಯುತ್ತಾರೆಂಬುದನ್ನೂ ಕಲಿಯಬೇಕು.

ಮರುದಿನ ಅದೇ ಬೇಕರಿಯ ಬಾಗಿಲಲ್ಲಿಯೇ ನಿಂತು ‘ಬೋಂಜೂರ್, ಮದಾಮ್’ ಎಂದೆವು. ಆ ತಾಯಿ ನಸುನಕ್ಕು, ಬೆಲೆಯನ್ನು ಇಂಗ್ಲಿಷಿನಲ್ಲಿಯೇ ತಿಳಿಸಿದರು.