ಭಯವೆಂದು ಹೇಳುವ ಮಾತು, ಭಯ ಹುಟ್ಟಿಸುವ ಮಾತು

ಇಂಗ್ಲಿಷ್ ಕಥೆ ಕಾದಂಬರಿಗಳನ್ನು ಓದುವವರಿಗೆ ಒಂದು ಪುಟ್ಟ ಬಾಲವು ಪರಿಚಿತವಾದುದು. ಅದು ಶಬ್ದದ ಕೊನೆಗೆ ಅಂಟಿಕೊಳ್ಳುವ 'ಲಿ' ಎಂಬ ಪ್ರತ್ಯಯ. ಗ್ರಿಮ್ಲಿ, ಡಾರ್ಕ್ಲಿ, ಗ್ಲೂಮಿಲಿ, ಆಮಿನಸ್ಲಿ, ಮೆನೇಸಿಂಗ್ಲಿ ಮೊದಲಾದ ಕ್ರಿಯಾವಿಶೇಷಣಗಳು ಹೀಗೆ ಹುಟ್ಟುತ್ತವೆ. 'ಅವನು ಹೇಳಿದನು' ಎಂಬ ಸಪ್ಪೆ ಮಾತಿನ ಪಕ್ಕದಲ್ಲಿ ಇವುಗಳಲ್ಲೊಂದನ್ನು ನಿಲ್ಲಿಸಿದರೆ ಸಾಕು, ಕೋಣೆಯಲ್ಲಿ ಕತ್ತಲೆ ಕವಿಯಿತೆಂದು ಎಷ್ಟೋ ಲೇಖಕರು ನಂಬುತ್ತಾರೆ. ನಿಜವಾಗಿಯೂ ಕವಿಯುತ್ತದೆಯೇ? ಗಡಿಭಾಗದ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತ ಕಳೆದ ವರ್ಷಗಳಲ್ಲಿ ಈ ಪ್ರಶ್ನೆ ನಮ್ಮನ್ನು ಬಹಳ ಕಾಡಿದೆ.

ಈ ಶಬ್ದಗಳ ಕುಲಮೂಲ ಸ್ವಾರಸ್ಯಕರವಾದುದು. 'ಲಿ' ಎಂಬುದು ಹಳೆಯ ಇಂಗ್ಲಿಷಿನ 'ಲೀಚ್' ಎಂಬ ಶಬ್ದಕ್ಕೆ ಸಂಬಂಧಿಸಿದ್ದು. ಅದಕ್ಕೆ ದೇಹವೆಂದೂ ಶವವೆಂದೂ ಅರ್ಥ. ಇಂಗ್ಲೆಂಡಿನ ಹಳೆಯ ಚರ್ಚುಗಳ ಅಂಗಳದ ಮುಂದೆ ಶವಪೆಟ್ಟಿಗೆಯನ್ನು ಇಳಿಸಿ ನಿಲ್ಲುತ್ತಿದ್ದ ಮಾಡು ಹೊದೆಸಿದ ದ್ವಾರಕ್ಕೆ ಇಂದಿಗೂ 'ಲಿಚ್‌ಗೇಟ್' ಎಂಬ ಹೆಸರಿದೆ. 'ಆಮಿನಸ್' ಎಂಬುದು ಶಕುನವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. 'ಸಿನಿಸ್ಟರ್' ಎಂದರೆ ಅದೇ ಭಾಷೆಯಲ್ಲಿ ಎಡಬದಿ. ಒಂದು ಕಾಲಕ್ಕೆ ಇವೆಲ್ಲ ಕಣ್ಣಿಗೆ ಕಟ್ಟುವ ಚಿತ್ರಗಳಾಗಿದ್ದವು. ಕೈಯಿಂದ ಕೈಗೆ ದಾಟಿದ ನಾಣ್ಯದ ಮುದ್ರೆ ಸವೆಯುವಂತೆ ಆ ಚಿತ್ರಗಳೂ ಸವೆದುಹೋದವು. ಈಗ ಅವು 'ಓದುಗನೇ, ಇಲ್ಲಿ ಹೆದರತಕ್ಕದ್ದು' ಎಂದು ಬರೆದು ನೆಟ್ಟ ಫಲಕಗಳಂತಿವೆ.

ಸಮರ್ಥ ಲೇಖಕರು ಈ ಫಲಕಗಳನ್ನು ಹೆಚ್ಚಾಗಿ ನೆಚ್ಚುವುದಿಲ್ಲ. 1860–61ರಲ್ಲಿ ಧಾರಾವಾಹಿಯಾಗಿ ಪ್ರಕಟವಾದ ಡಿಕನ್ಸನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿಯ ಆರಂಭದಲ್ಲಿ, ಸಮಾಧಿಗಳ ನಡುವಿನಿಂದ ಸೆರೆಮನೆಯಿಂದ ತಪ್ಪಿಸಿಕೊಂಡ ಕೈದಿಯೊಬ್ಬನು ಎದ್ದು ಬಂದು ಬಾಲಕನನ್ನು ಹಿಡಿಯುತ್ತಾನೆ. ಅಲ್ಲಿ ಡಿಕನ್ಸನು ಕ್ರಿಯಾಪದಗಳನ್ನೇ ಸಾಲಾಗಿ ಪೋಣಿಸುತ್ತಾನೆ. ಆ ಮನುಷ್ಯನು ಕುಂಟುತ್ತಾನೆ, ನಡುಗುತ್ತಾನೆ, ಗುರುಗುಟ್ಟುತ್ತಾನೆ. ಅವನ ಹಲ್ಲುಗಳು ಕಟಕಟಿಸುತ್ತವೆ. ಅವನು ಭಯಂಕರನೆಂದು ಬೇರೆ ಹೇಳುವ ಅಗತ್ಯವೇ ಬೀಳುವುದಿಲ್ಲ.

ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸನ 'ದಿ ಮಂಕೀಸ್ ಪಾ' ಕಥೆ 1902ರದು. ನಮ್ಮ ದೇಶದಲ್ಲಿ ಸೇವೆ ಸಲ್ಲಿಸಿ ಮರಳಿದ ಸಿಪಾಯಿಯೊಬ್ಬನು, ಫಕೀರನು ಮಂತ್ರಿಸಿದ ಮಂಗನ ಪಂಜವೊಂದನ್ನು ಇಂಗ್ಲೆಂಡಿನ ಒಂದು ಮನೆಗೆ ತರುತ್ತಾನೆ. ಅದು ಮೂರು ಬಯಕೆಗಳನ್ನು ಈಡೇರಿಸುವಂಥದು. 'ನಿನ್ನ ಬಯಕೆಗಳು ಈಡೇರಿದವೇ?' ಎಂದು ಮನೆಯೊಡತಿ ಕೇಳಿದಾಗ ಅವನು ಹೌದೆನ್ನುತ್ತಾನೆ. ಕೈಯಲ್ಲಿದ್ದ ಗ್ಲಾಸು ಅವನ ಹಲ್ಲಿಗೆ ತಾಗಿ ಸದ್ದಾಗುತ್ತದೆ. ಅಷ್ಟೇ. ಅವನ ಕೈ ನಡುಗಿತೆಂದು ನಾವೇ ತಿಳಿದುಕೊಳ್ಳುತ್ತೇವೆ. ಅದಕ್ಕೂ ಮೊದಲೊಮ್ಮೆ ಅವನು ಉತ್ತರಿಸುವಾಗ ಲೇಖಕನು ಬಳಸಿದ ಕ್ರಿಯಾವಿಶೇಷಣವು 'ಕ್ವಾಯಟ್ಲಿ', ಅಂದರೆ ಮೆಲ್ಲಗೆ, ಎಂಬುದು. ಮುಖ ಬಿಳಿಚಿಕೊಂಡವನು ಮೆಲ್ಲಗೆ ಮಾತನಾಡಿದಾಗ ಹುಟ್ಟುವ ಭಯವು ಅವನು ಗರ್ಜಿಸಿದ್ದರೆ ಹುಟ್ಟುತ್ತಿರಲಿಲ್ಲ. ಆದುದರಿಂದ ಕ್ರಿಯಾವಿಶೇಷಣವೇ ಕೂಡದೆಂದು ನಾವು ಹೇಳುವುದಿಲ್ಲ. ಸೌಮ್ಯವಾದ ಶಬ್ದವನ್ನು ಕ್ರೂರವಾದ ಸನ್ನಿವೇಶದ ಎದುರು ಇರಿಸಿದಾಗ ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಈ ಕಥೆಯನ್ನು ಪಾಠ ಮಾಡುವಾಗ ನಮ್ಮ ಮಕ್ಕಳ ಕಷ್ಟವೇ ಬೇರೆಯಾಗಿತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕೈಯಲ್ಲಿ ಇಂಗ್ಲಿಷ್ ಪುಸ್ತಕ. ಅವರು ನಿಘಂಟು ನೋಡಿ 'ಅಪಶಕುನಸೂಚಕವಾಗಿ ನುಡಿದನು', 'ವಿಷಣ್ಣವಾಗಿ ನೋಡಿದನು' ಎಂದು ಅನುವಾದಿಸುತ್ತಿದ್ದರು. ವ್ಯಾಕರಣದಲ್ಲಿ ದೋಷವಿಲ್ಲ, ಅಂಕಕ್ಕೂ ಕೊರತೆಯಿಲ್ಲ. ಆದರೆ ಆ ವಾಕ್ಯಗಳನ್ನು ಓದಿದ ಒಂದು ಮಗುವಿನ ಮುಖವೂ ಬದಲಾಗುತ್ತಿರಲಿಲ್ಲ. ಒಮ್ಮೆ ಪುಸ್ತಕ ಮುಚ್ಚಿಸಿ, ಮನೆಯಲ್ಲಿ ಅಜ್ಜಿಗೆ ಹೇಳುವಂತೆ ಕಥೆ ಹೇಳಿರೆಂದೆವು. ಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದಳು: 'ಮಗನ್ನ ಮಣ್ಣು ಮಾಡಿ ಬಂದಮ್ಯಾಲ ಮನಿಯೆಲ್ಲ ಭಣಭಣ ಅಂತಿತ್ತರೀ. ರಾತ್ರಿ ಬಾಗಿಲಾ ಬಡದದ್ದು ಕೇಳಿ ಮುದುಕನ ಎದಿ ಧಸಕ್ಕ ಅಂತು.' ಹಿಂದಿನ ಬೆಂಚಿನವರೂ ಮಿಸುಕಲಿಲ್ಲ.

ಆ ಹುಡುಗಿಯ ಎರಡು ಶಬ್ದಗಳು ನಮಗೆ ಒಂದು ವಿಷಯವನ್ನು ಮನಗಾಣಿಸಿದವು. ಇಂಗ್ಲಿಷಿನ ಕ್ರಿಯಾವಿಶೇಷಣವು ಆಡಿದವನ ದನಿಗೆ ಅಂಟಿಕೊಳ್ಳುತ್ತದೆ; ಕನ್ನಡದ 'ಧಸಕ್' ಎಂಬುದು ಕೇಳಿದವನ ಎದೆಯಲ್ಲಿ ಸಂಭವಿಸುತ್ತದೆ. ಇನ್ನು 'ಭಣಭಣ'ವನ್ನು ನೋಡಿರಿ. ಸದ್ದೇ ಇಲ್ಲದ ಮನೆಗೆ ನಮ್ಮ ಹಿರಿಯರು ಸದ್ದಿನ ಶಬ್ದವೊಂದನ್ನು ಕೊಟ್ಟಿದ್ದಾರೆ. 'ಗವ್ ಎನ್ನುವ ಕತ್ತಲೆ', 'ಬಿಕೋ ಎನ್ನುವ ಬೀದಿ' ಎಂಬುವೂ ಈ ಜಾತಿಯವೇ. ಕಿಟೆಲ್ಲರು 1894ರ ತಮ್ಮ ನಿಘಂಟಿನಲ್ಲಿ ಇಂತಹ ಅನುಕರಣ ಶಬ್ದಗಳನ್ನು ಹೇರಳವಾಗಿ ಸಂಗ್ರಹಿಸಿದ್ದಾರೆ. ಇಂಗ್ಲಿಷ್ ಲೇಖಕನು ಗ್ಲಾಸಿನ ಸದ್ದನ್ನು ಹುಡುಕಿ ತಂದು ಸಾಧಿಸಿದ್ದನ್ನು ನಮ್ಮ ಹಳ್ಳಿಯ ಅಜ್ಜಿ ಒಂದು ಶಬ್ದದಲ್ಲಿ ಸಾಧಿಸುತ್ತಾಳೆ.

ನಮ್ಮ ಕಳವಳವೂ ಇಲ್ಲಿಯೇ ಇದೆ. ಗಡಿಭಾಗದ ಮಕ್ಕಳಿಗೆ 'ಗಂಭೀರವಾಗಿ', 'ಭಯಾನಕವಾಗಿ' ಎಂಬ ಶಬ್ದಗಳು ಪುಸ್ತಕದಿಂದಲೋ ದೂರದರ್ಶನದಿಂದಲೋ ಹೇಗೋ ದೊರೆಯುತ್ತವೆ. 'ಭಣಭಣ', 'ಧಸಕ್' ದೊರೆಯುವುದು ಮನೆಯಲ್ಲಿ ಮಾತ್ರ. ಮನೆಯ ಮಾತು ಬದಲಾದ ದಿನ ಅವು ಹೋಗುತ್ತವೆ; ಅವನ್ನು ಮರಳಿ ಕೊಡುವ ಶಾಲೆ ಯಾವುದೂ ಇಲ್ಲ. ಮುಂದಿನ ಸಮ್ಮೇಳನಕ್ಕೆ ಬರುವಾಗ ಸಂಘದ ಪ್ರತಿಯೊಂದು ಮನೆಯವರೂ ಹಿರಿಯರ ಬಾಯಿಂದ ಇಂತಹ ಹತ್ತು ಶಬ್ದಗಳನ್ನು ಮಕ್ಕಳ ಕೈಯಲ್ಲಿಯೇ ಬರೆಯಿಸಿ ತಂದರೆ, ಅದನ್ನು ಸಂಪುಟವಾಗಿ ಹೊಂದಿಸಿ ಕೊಡುವ ಕೆಲಸಕ್ಕೆ ನಾವು ಸಿದ್ಧರಿದ್ದೇವೆ.