ಗೋಡೆ ದಾಟುವ ಪಾರಿಜಾತ

ಪಾರಿಜಾತದ ಗಿಡವನ್ನು ಕಾಂಪೌಂಡ್ ಗೋಡೆಯ ಪಕ್ಕ ಹಚ್ಚಿದವರಿಗೆ ಸತ್ಯಭಾಮೆಯ ಸಂಕಟ ಪುರಾಣ ಓದದೆಯೇ ಅರ್ಥವಾಗುತ್ತದೆ. ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಯಲ್ಲಿ ನೀರು ಹಾಕುವವಳು ನಾನು, ಗೊಬ್ಬರ ಹೊರುವವರು ನಮ್ಮ ಮನೆಯವರು. ಮಳೆಗಾಲದ ಪಡುವಣ ಗಾಳಿ ಮಾತ್ರ ಹೂವನ್ನೆಲ್ಲ ಪಕ್ಕದ ಮನೆಯ ವಹಿನಿಯ ಅಂಗಳಕ್ಕೆ ಸುರಿಯುತ್ತದೆ. ಅವರು ಬಿಸಿಲೇರುವ ಮೊದಲೇ ಬುಟ್ಟಿ ತುಂಬಿಕೊಂಡು, “ಈ ಸಲ ನಿಮ್ಮ ಗಿಡಾ ಭಾಳ ಛಲೋ ಬಂದೈತ್ರಿ ಅಕ್ಕಾರ” ಎಂದು ಗೋಡೆಯ ಮೇಲಿಂದ ಸರ್ಟಿಫಿಕೇಟ್ ಕೊಡುತ್ತಾರೆ. ಪೂಜೆಯ ಹೂವು ನೆಲಕ್ಕೆ ಬೀಳಬಾರದು ಎನ್ನುವ ನಮ್ಮ ಹಿರಿಯರು, ಬಿದ್ದದ್ದನ್ನೇ ಆರಿಸಿ ದೇವರಿಗೆ ಏರಿಸಲು ಪಾರಿಜಾತಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದಾರೆ.

ಈ ಹೂವಿನ ಜಗಳವನ್ನು ರಾತ್ರಿಯಿಡೀ ಆಡಿ ನೋಡಿದ ಜಿಲ್ಲೆ ನಮ್ಮದು. ಅಪರಾಳ ತಮ್ಮಣ್ಣ ಬರೆದ ‘ಶ್ರೀಕೃಷ್ಣ ಪಾರಿಜಾತ’ ಬಯಲಾಟವನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ. ಕೌಜಲಗಿ ನಿಂಗಮ್ಮ ತನ್ನದೇ ಮೇಳ ಕಟ್ಟಿಕೊಂಡು ಅದನ್ನು ಊರೂರಿಗೆ ಒಯ್ದಳು. ನಾರದ ತಂದ ಹೂವು ರುಕ್ಮಿಣಿಯ ಪಾಲಾಗಿದ್ದಕ್ಕೆ ಭಾಮೆ ಮುನಿಸಿಕೊಂಡರೆ, ನೋಡುವ ಹೆಂಗಸರೆಲ್ಲ ಭಾಮೆಯ ಪಕ್ಷ. ಮರವನ್ನೇ ತಂದು ಭಾಮೆಯ ಅಂಗಳದಲ್ಲಿ ನೆಟ್ಟರೂ ಹೂವು ಬಿದ್ದದ್ದು ಸವತಿಯ ಅಂಗಳದಲ್ಲಿ ಎಂಬ ಕಥೆಯೂ ಉಂಟು. ಕೃಷ್ಣನಿಗೇ ಬಗೆಹರಿಸಲಾಗದ ವ್ಯಾಜ್ಯ ಇದು.

ನನ್ನ ಗಿಡ ತವರಿನದು. ಖಾನಾಪುರದ ಕೆಮ್ಮಣ್ಣಿನಲ್ಲಿ ಹುಟ್ಟಿ, ಅಲ್ಲಿಯ ಕುಂಬಾರರ ಕುಂಡದಲ್ಲೇ ಕೂತು ಬಸ್ಸಿನಲ್ಲಿ ಬಂದದ್ದು. ಅಲ್ಲಿ ನಮ್ಮ ಆಯಿ ಹೂವನ್ನು ಪೂಜೆಗೆ ಮುಗಿಸುತ್ತಿರಲಿಲ್ಲ. ಮೊರದಲ್ಲಿ ಹರವಿಕೊಂಡು, ಬಿಳಿ ದಳ ಬಿಟ್ಟು ಕೇಸರಿ ತೊಟ್ಟನ್ನಷ್ಟೇ ಚಿವುಟಿ ನೆರಳಲ್ಲಿ ಒಣಗಿಸುತ್ತಿದ್ದಳು. ಬಿಸಿನೀರಿಗೆ ಹಾಕಿದರೆ ನೀರು ಹಳದಿಗೆ ತಿರುಗಿ ನಿಧಾನವಾಗಿ ಕೇಸರಿಯಾಗುತ್ತಿತ್ತು. ಅದರಲ್ಲಿ ಅದ್ದಿದ ನನ್ನ ಕರವಸ್ತ್ರ ಹಬ್ಬದ ದಿನ ಮೆರೆದು, ಕೆಲವು ಒಗೆತಕ್ಕೆ ಮತ್ತೆ ಬಿಳಿಯಾಗುತ್ತಿತ್ತು. ಕೇಸರಿಗೆ ಬಣ್ಣ ಕೊಡುವ ಕ್ರೋಸೆಟಿನ್ ಈ ತೊಟ್ಟಿನಲ್ಲೂ ಇದೆ. ಬಣ್ಣ ಚಂದ, ಬಾಳಿಕೆ ಕಡಿಮೆ.

ಖಾನಾಪುರದಿಂದ ಘಟ್ಟ ಇಳಿದರೆ ಗೋವಾ. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಔಷಧಿ ಗ್ರಂಥದಲ್ಲಿ ಪಾರಿಜಾತದ ಸುದ್ದಿ ಇದೆ: ಸೂರ್ಯನನ್ನು ಮೋಹಿಸಿ, ಅವನು ಕೈಬಿಟ್ಟಾಗ ಪ್ರಾಣ ಬಿಟ್ಟ ಹುಡುಗಿಯ ಚಿತೆಯ ಬೂದಿಯಿಂದ ಹುಟ್ಟಿದ ಮರ, ಅದಕ್ಕೇ ಬಿಸಿಲು ಬರುವ ಮುನ್ನ ಹೂವು ಉದುರಿಸುತ್ತದೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ‘ದುಃಖದ ಮರ’ ಎಂದೇ ಶಾಸ್ತ್ರೀಯ ಹೆಸರು ಕಟ್ಟಿದ. ನಮ್ಮ ಓಣಿಯಲ್ಲಿ ಇದನ್ನು ಕಂಡು ಯಾರೂ ಅತ್ತಿದ್ದಿಲ್ಲ.

ಚಳಿದೇಶ ಸೇರಿದ ನನ್ನ ತಂಗಿ ಪ್ರತಿ ವಸಂತಕ್ಕೆ ಫಾರ್ಸಿಥಿಯಾ ಎಂಬ ಗಿಡದ ಫೋಟೋ ಕಳಿಸುತ್ತಾಳೆ. ಎಲೆ ಚಿಗುರುವ ಮೊದಲೇ ಟೊಂಗೆ ತುಂಬ ಹಳದಿ ಹೂವು. “ನೀನೂ ಒಂದ್ ಹಚ್ಚು ಅಕ್ಕಾ” ಎಂಬ ಒತ್ತಾಯ ಬೇರೆ. ಮಲ್ಲಿಗೆ, ಪಾರಿಜಾತ, ಫಾರ್ಸಿಥಿಯಾ ಒಂದೇ ಆಲಿವ್ ಕುಟುಂಬದವು, ನಿಜ. ಆದರೆ ಗಡಗಡ ನಡುಗಿಸುವ ಚಳಿ ಉಣ್ಣದೆ ಫಾರ್ಸಿಥಿಯಾದ ಮೊಗ್ಗು ಸರಿಯಾಗಿ ಬಿಚ್ಚದು. ಬೆಳಗಾವಿಯ ಡಿಸೆಂಬರ್ ನಮಗೆ ಸ್ವೆಟರ್ ಹಾಕಿಸೀತೇ ಹೊರತು ಅದಕ್ಕೆ ಸಾಲದು. ಕತ್ತರಿಯ ನಿಯಮವೂ ಬೇರೆ. ಫಾರ್ಸಿಥಿಯಾ ಹಳೆಯ ಟೊಂಗೆಯಲ್ಲಿ ಹೂ ಬಿಡುವುದರಿಂದ ಹೂವು ಮುಗಿದ ಕೂಡಲೇ ಸವರಬೇಕು. ಪಾರಿಜಾತ ಹೂ ಬಿಡುವುದು ಹೊಸ ಚಿಗುರಿನ ತುದಿಗೆ. ಚಳಿ ಇಳಿಯುವಾಗ ಸವರಿದರೆ ಮಳೆಗಾಲಕ್ಕೆ ಪೊದೆ ತುಂಬಿಕೊಳ್ಳುತ್ತದೆ.

ಉಳಿದ ಆರೈಕೆ ಅಲ್ಪ. ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಎರೆಮಣ್ಣಿನವರು ಕೆಮ್ಮಣ್ಣು, ಉಸುಕು ಬೆರೆಸಿ ದಿಬ್ಬ ಮಾಡಿ ಹಚ್ಚಬೇಕು. ಎಲೆ ಪಾಲಿಶ್ ಪೇಪರಿನಂತೆ ಒರಟು, ಎಳೆ ಟೊಂಗೆ ಚೌಕ. ಹೂವಿಲ್ಲದ ಕಾಲದಲ್ಲೂ ಮುಟ್ಟಿ ನೋಡಿ ಗುರುತು ಹಿಡಿಯಬಹುದು. ಚಪ್ಪಟೆ ಕಾಯಿ ಒಣಗಿ ಕಂದಾದಾಗ ಬಿಡಿಸಿದರೆ ಒಳಗೆ ಎರಡು ಬೀಜ. ನರ್ಸರಿಗೆ ದುಡ್ಡು ಕೊಡುವ ಮೊದಲು ನಿಮ್ಮ ಓಣಿಯಲ್ಲಿ ಒಮ್ಮೆ ವಿಚಾರಿಸಿ. ಪಾರಿಜಾತ ಬೆಳೆಸಿದವರು ಬೀಜ ಕೊಡಲು ಹಿಂದೆಮುಂದೆ ನೋಡುವುದಿಲ್ಲ.